ಬೆಳಕು ಊರಿಗೆ, ಬೂದಿ ಕೇರಿಗೆ

'ಕಸದಿಂದ ರಸ' ಅಂತ ಒಂದು ಗಾದೆ ಉಂಟಲ್ಲ, ಅದಕ್ಕೆ ಈಗ ಹೊಸ ಅಂಗಿ ತೊಡಿಸಿದ್ದಾರೆ. 'ಕಸದಿಂದ ಕರೆಂಟು' ಅಂತೆ. ಮಂತ್ರಿ ಬಂದರೂ ಇದೇ ಮಾತು, ಇಂಜಿನಿಯರು ಬಂದರೂ ಇದೇ ಮಾತು. ಪೇಪರಿನಲ್ಲಿ ಫೋಟೋ ಬರುತ್ತೆ: ದೊಡ್ಡ ಚಿಮಣಿ, ಬಣ್ಣ ಬಳಿದ ಗೋಡೆ, ಮುಂದೆ ನಾಲ್ಕು ಹೂಕುಂಡ. ಫೋಟೋದಲ್ಲಿ ಮನುಷ್ಯರೇ ಇರಲ್ಲ. ಕಸವೂ ಇರಲ್ಲ. ರಸ ಯಾರು ಕುಡಿದರು, ಕಸ ಯಾರು ಹೊತ್ತರು ಅನ್ನೋದನ್ನ ಗಾದೆಯಾಗಲಿ ಫೋಟೋ ಆಗಲಿ ಹೇಳಲ್ಲ. ಗಾದೆ ಕಟ್ಟಿದವರು ಕಸ ಹೊತ್ತವರಾಗಿದ್ದರೆ ಅದು ಬೇರೆ ಥರ ಇರ್ತಿತ್ತು.

ಗೆಳೆಯರೆ, ಮೊದಲೇ ಹೇಳಿಬಿಡ್ತೀನಿ, ನನ್ನ ಜಗಳ ಯಂತ್ರದ ಮೇಲಲ್ಲ. ಯಂತ್ರ ಬೇಡ, ಚರಕ ಸಾಕು ಅನ್ನೋರ ಕಡೆ ನಾವು ಯಾವತ್ತೂ ಇರಲಿಲ್ಲ. ಬಾಬಾಸಾಹೇಬರು 1942ರಿಂದ 1946ರ ತನಕ ವೈಸರಾಯ್ ಕೌನ್ಸಿಲಿನಲ್ಲಿ ಕಾರ್ಮಿಕ ಖಾತೆ ನೋಡಿಕೊಂಡರು ಅಂತ ನಮಗೆಲ್ಲ ಗೊತ್ತು. ಆ ಖಾತೆಯ ಒಳಗೇ ವಿದ್ಯುಚ್ಛಕ್ತಿಯೂ ಇತ್ತು ಅನ್ನೋದು ಎಷ್ಟು ಜನಕ್ಕೆ ಗೊತ್ತು? ಇಡೀ ದೇಶಕ್ಕೆ ಅಗ್ಗದ ಕರೆಂಟು ಬೇಕು, ಅದು ಸರ್ಕಾರದ ಹತೋಟಿಯಲ್ಲಿರಬೇಕು ಅಂತ ವಾದ ಮಾಡಿದವರು ಅವರು. ಸೆಂಟ್ರಲ್ ಟೆಕ್ನಿಕಲ್ ಪವರ್ ಬೋರ್ಡ್ ಹುಟ್ಟಿದ್ದು ಅವರ ಕಾಲದಲ್ಲೇ, 1944ರಲ್ಲಿ. ಗಾಂಧಿಯವರ ಯಂತ್ರವಿರೋಧವನ್ನ 1945ರ ತಮ್ಮ ಪುಸ್ತಕದಲ್ಲಿ ತರಾಟೆಗೆ ತಗೊಂಡವರೂ ಅವರೇ. ಆದ್ದರಿಂದ ಕರೆಂಟು ಅಂದರೆ ನಮಗೆ ಅಲರ್ಜಿ ಇಲ್ಲ. ಆದರೆ ಯಂತ್ರ ಕಂಡ ಕೂಡಲೆ ಕೈ ಮುಗಿಯೋದು ಕೂಡ ನಮ್ಮ ಕೆಲಸ ಅಲ್ಲ. ಮುಚ್ಚಳ ಬಿಚ್ಚಿ ಒಳಗೆ ನೋಡಬೇಕು. ಇದು ಹೇಗೆ ಓಡುತ್ತೆ? ಏನು ತಿನ್ನುತ್ತೆ? ಏನು ಉಗಿಯುತ್ತೆ? ಯಾರ ಮೇಲೆ ಉಗಿಯುತ್ತೆ?

ಬಿ.ಎ. ಓದಿದವನಿಗೆ ಇದೆಲ್ಲ ಯಾಕೆ ಅಂತ ನಗಬೇಡಿ. ಕಸ ಗುಡಿಸೋಕೆ ನಮ್ಮ ಜಾತಿ ಸಾಕು, ಕಸದ ಯಂತ್ರ ಅರ್ಥ ಮಾಡ್ಕೊಳ್ಳೋಕೆ ಮಾತ್ರ ಬೇರೆ ಜಾತಿ ಬೇಕಾ?

ಬೆಂಗಳೂರಿನದ್ದೇ ಉದಾಹರಣೆ ತಗೊಳ್ಳಿ. ಈ ನಗರ ದಿನಕ್ಕೆ 5,000 ಟನ್ನಿಗೂ ಮೇಲೆ ಕಸ ಹಾಕುತ್ತೆ. ಅದರಲ್ಲಿ 600 ಟನ್ ಸುಟ್ಟು 11.5 ಮೆಗಾವ್ಯಾಟ್ ಕರೆಂಟು ತೆಗೀತೀವಿ ಅಂತ ಕರ್ನಾಟಕ ವಿದ್ಯುತ್ ನಿಗಮವೂ ಆಗಿನ ಮಹಾನಗರ ಪಾಲಿಕೆಯೂ ಸೇರಿ ಬಿಡದಿಯಲ್ಲಿ ಒಂದು ಸ್ಥಾವರಕ್ಕೆ 2020ರ ಡಿಸೆಂಬರಿನಲ್ಲಿ ಅಡಿಗಲ್ಲು ಹಾಕಿದವು. ಈ ಎರಡು ಅಂಕಿ ನೆನಪಿಟ್ಕೊಳ್ಳಿ, 600 ಮತ್ತು 11.5. ಇವೆರಡರಲ್ಲೇ ಅರ್ಧ ಕತೆ ಇದೆ. ಲೆಕ್ಕಕ್ಕೆ ಆಮೇಲೆ ಬರ್ತೀನಿ.

ಮೊದಲು ಇಂಥ ಸ್ಥಾವರಗಳು ಎಲ್ಲಿದ್ದರೂ ಒಳಗೆ ಏನು ನಡೆಯುತ್ತೆ ಅಂತ ನೋಡೋಣ.

ಬೆಳಗ್ಗೆ ಆರೂವರೆಗೆ ಕಸದ ಆಟೋ ಬರುತ್ತೆ. ಮನೆಯೊಡತಿ ಬಾಗಿಲ ಸಂದಿಯಿಂದ ಎರಡು ಬೆರಳಲ್ಲಿ ಚೀಲ ಹಿಡಿದು ಕೊಡ್ತಾಳೆ. ಚೀಲದೊಳಗೆ ನಿನ್ನೆಯ ಸಾರು, ತರಕಾರಿ ಸಿಪ್ಪೆ, ಹಾಲಿನ ಪ್ಯಾಕೆಟ್ಟು, ಒಡೆದ ಬಲ್ಬು, ಮಗುವಿನ ಡೈಪರು, ಪೇಪರು ಸುತ್ತದ ಪ್ಯಾಡು, ಸತ್ತ ಬ್ಯಾಟರಿ. ಹಸಿ ಬೇರೆ ಒಣ ಬೇರೆ ಮಾಡಿ ಕೊಡಬೇಕು, ಎರಡು ಡಬ್ಬ ಒಂದು ಚೀಲ ಇಟ್ಕೋಬೇಕು ಅಂತ ಹೈಕೋರ್ಟು 2015ರಲ್ಲೇ ಹೇಳಿತು. ಎಷ್ಟು ಮನೆಯಲ್ಲಿ ಮಾಡ್ತಾರೆ? ಮಾಡದಿದ್ದರೆ ಆಟೋದ ಹಿಂದೆ ನಿಂತ ಹೆಂಗಸು ಚೀಲ ಹರಿದು, ಬರಿಗೈ ಹಾಕಿ, ಬೇರೆ ಮಾಡ್ತಾಳೆ. ಇದು ಮನೆ ಕಸ.

ಇನ್ನೊಂದು ಅಂಗಡಿ ಕಸ. ಹೋಟೆಲು, ಕಲ್ಯಾಣಮಂಟಪ, ಮಾಲು, ಕಂಪನಿ, ಮಾರ್ಕೆಟ್ಟು. ದಿನಕ್ಕೆ 100 ಕೆಜಿ ಮೀರಿ ಕಸ ಹಾಕೋರನ್ನ 2016ರ ನಿಯಮಗಳು ಬೇರೆ ಪಟ್ಟಿಗೇ ಸೇರಿಸಿದವು. ಇಲ್ಲೊಂದು ಸೂಕ್ಷ್ಮ ಇದೆ ನೋಡಿ. ಮಾಲಿನ ರಟ್ಟಿನ ಪೆಟ್ಟಿಗೆ, ಕಂಪನಿಯ ಬಿಳಿ ಕಾಗದ ಗುತ್ತಿಗೆದಾರನಿಗೆ ಹೋಗುತ್ತೆ, ಅದು ರೊಕ್ಕ. ಕಲ್ಯಾಣಮಂಟಪದ ಎಂಜಲೆಲೆ ನಮಗೆ ಬರುತ್ತೆ, ಅದು ಗಬ್ಬು. ಕಸದಲ್ಲೂ ವರ್ಣಾಶ್ರಮ ಉಂಟು ಸ್ವಾಮಿ! ಒಣಗಿದ್ದು ಮೇಲ್ಜಾತಿ, ಕೊಳೆತದ್ದು ಹೊಲಗೇರಿ.

ಈ ಎರಡೂ ಲಾರಿಯಲ್ಲಿ ಸ್ಥಾವರದ ಬಾಗಿಲಿಗೆ ಬಂದು ತೂಕದ ಕಟ್ಟೆ ಮೇಲೆ ನಿಲ್ಲುತ್ತವೆ. ತೂಕದ ಮೇಲೆ ಬಿಲ್ಲು. ಆಮೇಲೆ ದೊಡ್ಡ ಶೆಡ್ಡಿನೊಳಗೆ ಆಳವಾದ ಕಾಂಕ್ರೀಟು ಗುಂಡಿಗೆ ಸುರೀತಾರೆ. ಬಂಕರ್ ಅಂತಾರೆ ಅದಕ್ಕೆ. ಕಸ ಅಲ್ಲಿ ಕೆಲವು ದಿನ ಬಿದ್ದಿರುತ್ತೆ, ಕೊಳೆನೀರು ಕೆಳಗೆ ಇಳಿದುಹೋಗಲಿ, ಸ್ವಲ್ಪ ಒಣಗಲಿ ಅಂತ. ಮೇಲೆ ಗಾಜಿನ ಕೋಣೆಯಲ್ಲಿ ಕೂತ ಒಬ್ಬ ಮನುಷ್ಯ ಕ್ರೇನು ಆಡಿಸ್ತಾನೆ. ಕ್ರೇನಿನ ತುದಿಯಲ್ಲಿ ಹದ್ದಿನ ಪಾದದಂಥ ಕಬ್ಬಿಣದ ಉಗುರು. ಅದು ಕಸ ಎತ್ತುತ್ತೆ, ಕೆಡವುತ್ತೆ, ಕಲಸುತ್ತೆ. ಒಂದು ಕಡೆ ಬರೀ ಒದ್ದೆ, ಇನ್ನೊಂದು ಕಡೆ ಬರೀ ಪ್ಲಾಸ್ಟಿಕ್ಕು ಇದ್ದರೆ ಬೆಂಕಿ ಏರುಪೇರಾಗುತ್ತೆ, ಅದಕ್ಕೇ ಈ ಕಲಸಾಟ. ಬಂಕರಿನ ಗಾಳಿಯನ್ನ ಫ್ಯಾನು ಹಾಕಿ ಎಳೆದು ಒಲೆಗೇ ಊದುತ್ತಾರೆ. ಹೀಗಾಗಿ ವಾಸನೆ ಹೊರಗೆ ಬರದೆ ಬೆಂಕಿಯಲ್ಲೇ ಸುಟ್ಟುಹೋಗುತ್ತೆ. ಜಾಣ ಕೆಲಸ, ಒಪ್ಪಬೇಕು. ಗಾಜಿನ ಕೋಣೆಯ ಮನುಷ್ಯನಿಗೆ ಕಸ ಕಾಣುತ್ತೆ, ನಾರಲ್ಲ. ಆ ಕುರ್ಚಿ ನೆನಪಿರಲಿ, ಮತ್ತೆ ಕೇಳ್ತೀನಿ.

ಉಗುರು ಎತ್ತಿದ ಕಸ ಒಲೆಯ ಬಾಯಿಗೆ ಬೀಳುತ್ತೆ. ಒಳಗೆ ಇಳಿಜಾರಾಗಿ ಕಬ್ಬಿಣದ ಮೆಟ್ಟಿಲುಗಳು. ಇವು ಹಿಂದೆ ಮುಂದೆ ಸರಿದಾಡುತ್ತಾ ಕಸವನ್ನ ನಿಧಾನವಾಗಿ ಕೆಳಕ್ಕೆ ನೂಕುತ್ತವೆ. ಮೊದಲ ಮೆಟ್ಟಿಲುಗಳಲ್ಲಿ ಕಸ ಒಣಗುತ್ತೆ, ನಡುವೆ ಉರಿಯುತ್ತೆ, ಕೊನೆಯಲ್ಲಿ ಕೆಂಡವಾಗಿ ಆರುತ್ತೆ. ಮೆಟ್ಟಿಲ ಸಂದಿಯಿಂದ ಗಾಳಿ ಊದುತ್ತಲೇ ಇರ್ತಾರೆ. ಕಮ್ಮಾರನ ತಿದಿ ನೋಡಿದ್ದೀರಲ್ಲ, ಅದೇ ತತ್ವ, ಅಳತೆ ದೊಡ್ಡದು ಅಷ್ಟೆ. ಉರಿಯುವ ಹೊಗೆ 850 ಡಿಗ್ರಿಗೂ ಮೇಲಿನ ಕಾವಿನಲ್ಲಿ ಕಡೇಪಕ್ಷ ಎರಡು ಸೆಕೆಂಡು ಇರಬೇಕು ಅನ್ನೋದು ಯುರೋಪಿನವರ ಕಟ್ಟಳೆ. ಯಾಕೆ? ಕಾವು ಕಮ್ಮಿಯಾದರೆ ಪ್ಲಾಸ್ಟಿಕ್ಕು, ಅದರಲ್ಲೂ ಕ್ಲೋರಿನ್ ಇರೋ ಪಿವಿಸಿ, ಅರೆಬೆಂದು ಡಯಾಕ್ಸಿನ್ ಅನ್ನೋ ವಿಷ ಹುಟ್ಟುತ್ತೆ.

ಈ ಕಾವು ನೀರು ತುಂಬಿದ ಕೊಳವೆಗಳಿಗೆ ತಾಗಿ ಹಬೆ ಏಳುತ್ತೆ. ಬರೀ ಹಬೆಯಲ್ಲ, 400 ಡಿಗ್ರಿಯ ಸುಮಾರಿನ ಒತ್ತಡದ ಹಬೆ. ಅದು ಟರ್ಬೈನು ತಿರುಗಿಸುತ್ತೆ, ಟರ್ಬೈನು ಜನರೇಟರು ತಿರುಗಿಸುತ್ತೆ, ಕರೆಂಟು. ರಾಯಚೂರಿನಲ್ಲಿ ಕಲ್ಲಿದ್ದಲು ಸುಟ್ಟು ಮಾಡೋದೂ ಇದನ್ನೇ. ಇಲ್ಲಿ ಕಲ್ಲಿದ್ದಲಿನ ಜಾಗದಲ್ಲಿ ನಮ್ಮ ನಿಮ್ಮ ಎಂಜಲು.

ಹೊಗೆಯನ್ನ ಹಾಗೇ ಬಿಡೋ ಹಾಗಿಲ್ಲ. ಸುಣ್ಣ ಎರಚಿ ಆಮ್ಲ ಕಳೀಬೇಕು. ಇದ್ದಿಲ ಪುಡಿ ಎರಚಿ ಪಾದರಸ, ಡಯಾಕ್ಸಿನ್ ಹೀರಿಸಬೇಕು. ಆಮೇಲೆ ನೂರಾರು ಉದ್ದನೆ ಬಟ್ಟೆ ಚೀಲಗಳ ಮೂಲಕ ಸೋಸಬೇಕು. 2016ರ ನಿಯಮದಲ್ಲಿ ಡಯಾಕ್ಸಿನ್ ಮಿತಿ ಒಂದು ಘನ ಮೀಟರಿಗೆ 0.1 ನ್ಯಾನೋಗ್ರಾಂ. ನ್ಯಾನೋಗ್ರಾಂ ಅಂದರೆ ಒಂದು ಗ್ರಾಮನ್ನ ನೂರು ಕೋಟಿ ಪಾಲು ಮಾಡಿ ಒಂದು ಪಾಲು. ಅಷ್ಟಕ್ಕೇ ಹೆದರಬೇಕಾದ ವಿಷ ಅದು. ತಮಾಷೆ ಏನು ಗೊತ್ತಾ? ಚಿಮಣಿಗೆ ಹಾಕಿದ ಮೀಟರು ಧೂಳು, ಗಂಧಕದ ಅನಿಲ ಎಲ್ಲ ಹಗಲೂ ರಾತ್ರಿ ಓದುತ್ತೆ. ಡಯಾಕ್ಸಿನ್ ಮಾತ್ರ ಸಾಮಾನ್ಯವಾಗಿ ಆ ಮೀಟರಿಗೆ ಸಿಕ್ಕಲ್ಲ. ಯಾವಾಗಲೋ ಒಮ್ಮೆ ಹೊಗೆಯ ಸ್ಯಾಂಪಲ್ ಹಿಡಿದು ಲ್ಯಾಬಿಗೆ ಕಳಿಸ್ತಾರೆ. ಮಿಕ್ಕ ದಿನಗಳು ದೇವರ ಪಾಲು. ದೇವರು ಯಾವ ಕಡೆ ಅಂತ ನಮಗೆ ಗೊತ್ತಲ್ಲ.

ಕೊನೆಗೆ ಉಳಿಯೋದು ಬೂದಿ. ಮೆಟ್ಟಿಲ ಕೆಳಗೆ ಬೀಳುವ ಬೂದಿ ಕಸದ ತೂಕದಲ್ಲಿ ನಾಲ್ಕನೇ ಒಂದು ಪಾಲು, ಇಲ್ಲ ಐದನೇ ಒಂದು ಪಾಲು. 600 ಟನ್ ಸುಟ್ಟರೆ ದಿನಕ್ಕೆ 120ರಿಂದ 150 ಟನ್! ನಮ್ಮ ಕಸದಲ್ಲಿ ಬೀದಿ ಮಣ್ಣು, ಕಲ್ಲುಪುಡಿ ಜಾಸ್ತಿ, ಹಾಗಾಗಿ ಇನ್ನೂ ಮೇಲೆ ಹೋದರೂ ಹೋಯಿತು. ಅದರ ಜೊತೆ ಚೀಲಗಳಲ್ಲಿ ಸಿಕ್ಕಿಬಿದ್ದ ಹಾರುಬೂದಿ. ತೂಕ ಕಮ್ಮಿ, ವಿಷ ಜಾಸ್ತಿ. ಹೊಗೆಯಿಂದ ಸೋಸಿ ತೆಗೆದ ಸೀಸ, ಕ್ಯಾಡ್ಮಿಯಂ, ಡಯಾಕ್ಸಿನ್ ಎಲ್ಲ ಅಲ್ಲೇ ಅಡಗಿರುತ್ತೆ. ಬೆಂಕಿ ಯಾವುದನ್ನೂ ಮಾಯ ಮಾಡಲ್ಲ ಕಣ್ರಪ್ಪಾ. ಗಾತ್ರ ಕುಗ್ಗಿಸುತ್ತೆ. ಉಳಿದದ್ದನ್ನ ಯಾರಾದರೂ ಎಲ್ಲಾದರೂ ಹೊತ್ತು ಹಾಕಲೇಬೇಕು.

ಈಗ ಲೆಕ್ಕಕ್ಕೆ ಬರೋಣ. ಪಿಯುಸಿ ಹುಡುಗರು ಪೆನ್ಸಿಲ್ ತಗೊಳ್ಳಿ.

11.5 ಮೆಗಾವ್ಯಾಟ್ ಯಂತ್ರ ಒಂದು ನಿಮಿಷವೂ ನಿಲ್ಲದೆ 24 ಗಂಟೆ ಓಡಿದರೆ 2,76,000 ಯೂನಿಟ್. ಇದನ್ನ 600 ಟನ್ನಿಗೆ ಹಂಚಿ. ಟನ್ನಿಗೆ 460 ಯೂನಿಟ್. ಕೆಜಿಗೆ ಅರ್ಧ ಯೂನಿಟ್ಟಿಗೂ ಕಮ್ಮಿ. ಅದರಲ್ಲೂ ಕ್ರೇನು, ಫ್ಯಾನು, ಪಂಪು ಅಂತ ಸ್ಥಾವರ ತಾನೇ ಒಂದಷ್ಟು ತಿನ್ನುತ್ತೆ. ಶರಾವತಿ ಕೇಂದ್ರದ ಒಟ್ಟು ಶಕ್ತಿ 1,035 ಮೆಗಾವ್ಯಾಟ್. ಅಲ್ಲಿ ಹತ್ತು ಯಂತ್ರ, ಒಂದೊಂದೂ 103.5. ಅಂದರೆ ಶರಾವತಿಯ ಒಂದೇ ಒಂದು ಯಂತ್ರದಲ್ಲಿ ಇಂಥ ಒಂಬತ್ತು ಬಿಡದಿ ಅಡಗಿವೆ. ಹಾಗಾದರೆ ಇದನ್ನ 'ವಿದ್ಯುತ್ ಸ್ಥಾವರ' ಅಂತ ಯಾಕೆ ಕರೀತಾರೆ? ನಾಚಿಕೆಗೆ. ಇದು ಕಸ ಸುಡೋ ಒಲೆ. ಒಲೆ ಅಂದರೆ ಊರವರು ಮುನೀತಾರೆ, ಕರೆಂಟು ಅಂದರೆ ಹಾರ ಹಾಕ್ತಾರೆ.

ಇನ್ನೂ ಮುಂದೆ ಹೋಗಿ. ಒಂದು ಯೂನಿಟ್ ಅಂದರೆ 860 ಕಿಲೋಕ್ಯಾಲೊರಿ. ಕೆಜಿ ಕಸದಿಂದ 0.46 ಯೂನಿಟ್ ಬರಬೇಕಾದರೆ ಸುಮಾರು 400 ಕಿಲೋಕ್ಯಾಲೊರಿ ಕರೆಂಟಾಗಬೇಕು. ಆದರೆ ಇಂಥ ಒಲೆಗಳಲ್ಲಿ ಕಾವಿನ ನಾಲ್ಕನೇ ಅಥವಾ ಐದನೇ ಒಂದು ಪಾಲು ಮಾತ್ರ ಕರೆಂಟಾಗುತ್ತೆ, ಮಿಕ್ಕಿದ್ದು ಗಾಳಿಗೆ. ಅಂದರೆ ಪ್ರತಿ ಕೆಜಿ ಕಸದಲ್ಲಿ 1,600ರಿಂದ 2,000 ಕಿಲೋಕ್ಯಾಲೊರಿ ಇರಲೇಬೇಕು. ನಮ್ಮೂರಿನ ಬೆರಕೆ ಕಸದಲ್ಲಿ ಸಾಮಾನ್ಯವಾಗಿ ಇಷ್ಟು ಕಾವು ಎಲ್ಲಿ? ಅರ್ಧ ತೂಕ ನೀರೇ. ಒಂದು ಟನ್ ಕಸದಲ್ಲಿ 500 ಕೆಜಿ ನೀರಿದ್ದರೆ ಅದನ್ನ ಆವಿ ಮಾಡೋಕೇ 3 ಲಕ್ಷ ಕಿಲೋಕ್ಯಾಲೊರಿ ಹೋಯ್ತು. ಮಳೆಗಾಲದಲ್ಲಿ ಸೌದೆ ಒಲೆ ಊದಿದ ಯಾವ ತಾಯಿಯನ್ನಾದರೂ ಕೇಳಿ, ಹೇಳ್ತಾಳೆ.

ದೆಹಲಿಯವರು ಯಾವ ತಾಯಿಯನ್ನೂ ಕೇಳಲಿಲ್ಲ. 1987ರಲ್ಲಿ ತಿಮಾರ್‌ಪುರದಲ್ಲಿ ಡೆನ್ಮಾರ್ಕಿನ ಯಂತ್ರ ತಂದು ದಿನಕ್ಕೆ 300 ಟನ್ ಕಸ ಸುಡೋ ಸ್ಥಾವರ ನಿಲ್ಲಿಸಿದರು. 21 ದಿನ ಓಡಿತು. ನಿಂತಿತು. ಡೆನ್ಮಾರ್ಕಿನ ಕಸದಲ್ಲಿದ್ದ ಕಾವು ದೆಹಲಿಯ ಕಸದಲ್ಲಿರಲಿಲ್ಲ.

ಹಾಗಾದರೆ ಕಾವು ಎಲ್ಲಿದೆ? ಪಾಲಿಥೀನಿನಲ್ಲಿ. ಕೆಜಿಗೆ ಹತ್ತು ಸಾವಿರ ಕಿಲೋಕ್ಯಾಲೊರಿಗೂ ಮೇಲೆ, ಹೆಚ್ಚುಕಮ್ಮಿ ಸೀಮೆಎಣ್ಣೆಯಷ್ಟೇ. ಒಣ ರಟ್ಟು, ಒಣ ಕಾಗದದಲ್ಲೂ ಇದೆ, ಬಟ್ಟೆಯಲ್ಲೂ ಇದೆ. ಈ ಪಟ್ಟಿಯನ್ನ ಇನ್ನೊಂದು ಸಲ ಓದಿ ಗೆಳೆಯರೆ. ಪಾಲಿಥೀನು, ರಟ್ಟು, ಕಾಗದ. ಎಲ್ಲಿ ಕೇಳಿದ ಹಾಗಿದೆ ಅಲ್ವಾ? ಬೆಳಗಿನ ಜಾವ ಗೋಣಿಚೀಲ ಹೆಗಲಿಗೇರಿಸಿ ಚಿಂದಿ ಆಯೋಕೆ ಹೊರಡುವ ಹೆಂಗಸು ಗುಜರಿ ಅಂಗಡಿಗೆ ಹಾಕೋ ಪಟ್ಟಿ ಇದೇ. ಅವಳ ಅಕ್ಕಿ, ಅವಳ ಮಗನ ನೋಟ್‌ಬುಕ್ಕು, ಅವಳ ಗಂಡನ ಆಸ್ಪತ್ರೆ ಚೀಟಿ ಎಲ್ಲ ಬರೋದು ಇದರಿಂದ. ಯಂತ್ರ ಉರಿಯೋದೂ ಇದರಿಂದಲೇ.

ಇದೇ ನಾನು ಹೇಳಬೇಕು ಅಂದುಕೊಂಡಿದ್ದು. ಆ ಒಲೆಗೆ ಬೇಕಾದ್ದು ಊರು ಬಿಸಾಕಿದ ಕಸ ಅಲ್ಲ, ನಮ್ಮವರ ಕೈ ಮುಟ್ಟಿ ಬೇರೆ ಮಾಡಿದ ಕಸ. ಮೊದಲು ನಮ್ಮ ಹೆಣ್ಣುಮಕ್ಕಳು ಬರಿಗೈಯಲ್ಲಿ ಹಸಿ ಒಣ ಬೇರೆ ಮಾಡಿ ಅದಕ್ಕೆ ಕಾವು ತುಂಬಬೇಕು. ಆಮೇಲೆ ಆ ಒಣಕಸವನ್ನ ಚಿಂದಿ ಆಯುವವರಿಂದ ಕಿತ್ತು ಒಲೆಗೆ ಹಾಕಬೇಕು. ಇಂಜಿನಿಯರಿಂಗ್ ಪುಸ್ತಕದಲ್ಲಿ ಇದಕ್ಕೆ 'ಇಂಧನ ಸಿದ್ಧತೆ' ಅಂತಾರಂತೆ. ನಮ್ಮ ಕೇರಿಯಲ್ಲಿ ಇದಕ್ಕೆ ಬಿಟ್ಟಿ ಚಾಕರಿ ಅಂತಾರೆ.

ಕಾಯಿದೆ ಹಾಗೆ ಹೇಳಲ್ಲ ಅಂತೀರಾ? ಹೌದು, 2016ರ ನಿಯಮದ ಭಾಷೆ ಚೆನ್ನಾಗಿಯೇ ಇತ್ತು. ಮರುಬಳಕೆಗೆ ಬರದ, 1,500 ಕಿಲೋಕ್ಯಾಲೊರಿ ಮೇಲಿರೋ ಕಸ ಮಾತ್ರ ಸುಡಬೇಕು, ಚಿಂದಿ ಆಯುವವರನ್ನ ಗುರುತಿಸಿ ಜೊತೆಗೆ ಸೇರಿಸ್ಕೋಬೇಕು ಅಂತ. ಅದಕ್ಕೂ ಮೊದಲೇ, 2011ರಲ್ಲಿ, ಬೆಂಗಳೂರಿನ ಪಾಲಿಕೆ ಚಿಂದಿ ಆಯುವವರಿಗೆ ಗುರುತಿನ ಚೀಟಿ ಕೊಟ್ಟಿತ್ತು. ಒಳ್ಳೇ ಕೆಲಸ, ಇಲ್ಲ ಅನ್ನಲ್ಲ. ಆದರೆ ಮರುಬಳಕೆಗೆ ಬರೋದು ಯಾವುದು, ಬರದ್ದು ಯಾವುದು ಅಂತ ಬಂಕರಿನ ಬಾಯಲ್ಲಿ ನಿಂತು ಯಾರು ತೀರ್ಮಾನ ಮಾಡ್ತಾರೆ? ದಿನಕ್ಕೆ 600 ಟನ್ ತಿನ್ನಲೇಬೇಕು ಅಂತ ಕಟ್ಟಿದ ಹೊಟ್ಟೆ ಅದು. ಹಸಿದಾಗ ಗುರುತಿನ ಚೀಟಿ ಕೇಳುತ್ತಾ?

ದುಡ್ಡಿನ ಮಾತೂ ಆಡಿಬಿಡೋಣ. ಕಸದಿಂದ ಬಂದ ಕರೆಂಟನ್ನ ವಿತರಣಾ ಕಂಪನಿಗಳು ಪೂರ್ತಿ ಕೊಳ್ಳಲೇಬೇಕು ಅಂತ 2016ರ ರಾಷ್ಟ್ರೀಯ ದರ ನೀತಿ ಹೇಳಿತು. ಅದಕ್ಕೆ ಹಿಂದಿನ ವರ್ಷ ಕೇಂದ್ರದ ಆಯೋಗ ಇಂಥ ಕರೆಂಟಿಗೆ ಗೊತ್ತು ಮಾಡಿದ್ದು ಯೂನಿಟ್ಟಿಗೆ 7 ರೂಪಾಯಿಗೂ ಮೇಲೆ. 2017ರಲ್ಲಿ ರಾಜಸ್ಥಾನದ ಭಡ್ಲಾದಲ್ಲಿ ಬಿಸಿಲಿನ ಕರೆಂಟು 2 ರೂಪಾಯಿ 44 ಪೈಸೆಗೆ ಹರಾಜಾಯಿತು. ನಡುವಿನ ವ್ಯತ್ಯಾಸ ಯಾರು ತೆತ್ತಬೇಕು? ಗುಡಿಸಲಿನ ಬಲ್ಬಿನವನೂ ತೆರಬೇಕು. ಕಸ ಸುಡೋದು ನಗರದ ಶುಚಿಗೆ ಅಂದಮೇಲೆ ಆ ಖರ್ಚನ್ನ ಕಸ ಹಾಕಿದವರ ಹತ್ರ ವಸೂಲು ಮಾಡಿ. ಮಾಲಿನ ಹತ್ರ, ಕಲ್ಯಾಣಮಂಟಪದ ಹತ್ರ.

ಇದನ್ನೆಲ್ಲ ಹಾಸ್ಟೆಲಿನಲ್ಲಿ ಒಂದು ರಾತ್ರಿ ಹೇಳ್ತಾ ಇದ್ದೆ. ಡಿಪ್ಲೊಮಾ ಓದೋ ಒಬ್ಬ ಗೆಳೆಯ ರೇಗಿದ. ಅವನ ತಾಯಿ ಕಸದ ಆಟೋದಲ್ಲಿ ಹೆಲ್ಪರು. "ಲೋ, ಕವಿತೆ ಬರೆಯೋನೇ, ನಿಂಗೇನು ಗೊತ್ತು? ಮಿಷಿನ್ ಬಂದ್ರೆ ನಮ್ಮವ್ವನ ಕೈಯಿಂದ ಕಸ ಬಿಡ್ತದೆ ಕಣೋ. ಅದಕ್ಕೂ ಕಲ್ಲು ಹಾಕ್ತೀಯಲ್ಲ" ಅಂದ.

ಅವನ ಸಿಟ್ಟು ನಿಜ. ಅದಕ್ಕೆ ಉತ್ತರ ಕೊಡದೆ ಮುಂದೆ ಹೋದರೆ ಈ ಲೇಖನ ಬೂಟಾಟಿಕೆ ಆಗುತ್ತೆ. ಮಲದ ಬುಟ್ಟಿ ತಲೆಯಿಂದ ಇಳಿಸಬೇಕು ಅಂತ ಈ ರಾಜ್ಯದಲ್ಲಿ 1970ರ ದಶಕದಲ್ಲಿ ಆಜ್ಞೆ ಮಾಡಿದವರು ಬಿ. ಬಸವಲಿಂಗಪ್ಪನವರು. ('ಬೂಸಾ' ಅಂದರು ಅಂತ ಅದೇ ಮನುಷ್ಯನನ್ನ 1973ರಲ್ಲಿ ಮಂತ್ರಿಗಿರಿಯಿಂದಲೇ ಇಳಿಸಿದರು, ಅದು ಬೇರೆ ಕತೆ.) ಬುಟ್ಟಿ ಇಳಿಯಲಿ ಅನ್ನೋದೇ ನಮ್ಮ ಹಟ. ಆದರೆ ಈ ಯಂತ್ರದಿಂದ ಯಾವ ಬುಟ್ಟಿ ಇಳೀತು ಹೇಳು ಗೆಳೆಯ? ಮನೆ ಬಾಗಿಲಲ್ಲಿ ಚೀಲ ಹಿಡಿಯೋದು ಯಂತ್ರ ಅಲ್ಲ, ನಿಮ್ಮವ್ವ. ಹರಿದು ಬೇರೆ ಮಾಡೋದು ನಿಮ್ಮವ್ವ. ಬೀದಿ ಗುಡಿಸೋದು ಅವಳ ತಂಗಿ. ಕೊಳೆನೀರಿನ ಗುಂಡಿ ತೊಳೆಯೋದು, ಸಿಕ್ಕಿಕೊಂಡ ಬೂದಿ ಕೆದಕೋದು ಯಾರು ಅಂತ ನನಗಿಂತ ನಿನಗೆ ಗೊತ್ತು. ಯಂತ್ರ ಬಂದದ್ದು ಅವಳ ಕೈಗೂ ಕಸಕ್ಕೂ ನಡುವೆ ಅಲ್ಲ. ಅವಳ ಕೈ ದಾಟಿ ಹೋದಮೇಲೆ ಬಂದದ್ದು.

500 ಜನಕ್ಕೆ ಒಬ್ಬ ಪೌರಕಾರ್ಮಿಕ ಇರಲೇಬೇಕು ಅಂತ ಐ.ಪಿ.ಡಿ. ಸಾಲಪ್ಪ ಸಮಿತಿ 1970ರ ದಶಕದಲ್ಲೇ ಹೇಳಿತ್ತು. 2017ರಲ್ಲಿ ಸರ್ಕಾರ ಅದನ್ನ 700ಕ್ಕೆ ಒಬ್ಬ ಅಂತ ಮಾಡಿತು. ಆ ಕೆಲಸದಲ್ಲಿರೋರು ಬಹುಪಾಲು ದಲಿತರು, ಅದರಲ್ಲೂ ಹೆಣ್ಣುಮಕ್ಕಳು. 2022ರ ಜುಲೈನಲ್ಲಿ ಅವರು ಪೊರಕೆ ಕೆಳಗಿಟ್ಟು ಕೂತಮೇಲೆ ತಾನೆ ಸರ್ಕಾರ ಕಾಯಂ ಮಾಡ್ತೀವಿ ಅಂತ ಬಾಯಿ ಬಿಟ್ಟಿದ್ದು? ಆಗಲೂ ಗುಡಿಸುವವರನ್ನ ಒಳಗೆ ಕರೆದು, ಕಸದ ಗಾಡಿಯ ಡ್ರೈವರು, ಹೆಲ್ಪರುಗಳನ್ನ ಗುತ್ತಿಗೆದಾರನ ಜೇಬಲ್ಲೇ ಬಿಟ್ಟರು. ಒಂದೇ ಕಸ, ಒಂದೇ ಕೇರಿ, ಒಬ್ಬಳಿಗೆ ನೇರ ಸಂಬಳ, ಇನ್ನೊಬ್ಬಳಿಗೆ ಮೇಸ್ತ್ರಿಯ ಬೈಗುಳ. ಯಂತ್ರಕ್ಕೆ ಕೋಟಿ ಕೋಟಿ ಸಿಗುತ್ತೆ. ಗ್ಲೌಸಿಗೆ ದುಡ್ಡಿಲ್ಲ ಅಂತಾರೆ.

ಇನ್ನು ಜಾಗದ ಮಾತು. ವಿಯೆನ್ನಾ ನಗರದಲ್ಲಿ ಸ್ಪಿಟೆಲಾವ್ ಅಂತ ಒಂದು ಕಸದ ಒಲೆ ಇದೆ. 1971ರಿಂದ ಓಡ್ತಿದೆ. ಎಲ್ಲಿದೆ ಗೊತ್ತಾ? ಮೆಟ್ರೋ ಸ್ಟೇಷನ್ ಪಕ್ಕ, ನಗರದೊಳಗೇ. ಅದರ ಬಿಸಿಯಿಂದ ಆಸ್ಪತ್ರೆಗೂ ಮನೆಗಳಿಗೂ ಚಳಿ ಕಾಯಿಸ್ತಾರೆ. ಕೋಪನ್‌ಹೇಗನ್ನಿನ ಒಲೆಯ ಚಾವಣಿ ಮೇಲೆ ಜನ ಸ್ಕೀಯಿಂಗ್ ಆಡ್ತಾರೆ. ಅವರು ಪುಣ್ಯವಂತರು ಅಂತ ಹೇಳ್ತಿಲ್ಲ, ಅಲ್ಲೂ ಈ ಒಲೆಗಳ ಮೇಲೆ ಜಗಳ ಇದೆ. ಆದರೆ ಒಲೆಯನ್ನ ಮನೆಯೊಳಗೆ ಇಟ್ಕೊಂಡವನು ಹೊಗೆ ಬಂದರೆ ತಾನೇ ಕೆಮ್ಮಬೇಕು. ಅದಕ್ಕೇ ಚೀಲ ಹರಿಯದಂತೆ ನೋಡ್ಕೊಳ್ತಾನೆ.

ನಮ್ಮಲ್ಲಿ? ಊರಿನ ಸತ್ತ ದನ ಹೊಲಗೇರಿಗೆ, ನಗರದ ಸತ್ತ ಕಸ ಹಳ್ಳಿಗೆ. ಮಾವಳ್ಳಿಪುರದ ಬಾವಿ ಕೆಟ್ಟಿತು, ದಲಿತ ಸಂಘರ್ಷ ಸಮಿತಿಯವರೂ ಊರವರೂ ಸೇರಿ ವರ್ಷಗಟ್ಟಲೆ ಕೂಗಿದ ಮೇಲೆ 2012ರ ಜುಲೈನಲ್ಲಿ ಕಸದ ಲಾರಿ ನಿಂತವು. ಆಗ ಲಾರಿಗಳೆಲ್ಲ ಮಂಡೂರಿನ ಕಡೆ ತಿರುಗಿದವು. ಮಂಡೂರಿನಲ್ಲೂ ಕಸದಿಂದ ಕರೆಂಟು ಮಾಡ್ತೀವಿ ಅಂದಿದ್ರು. ಕರೆಂಟು ಬರಲಿಲ್ಲ, ಕಸ ಬಂತು, ಬೆಟ್ಟವಾಯಿತು, ನೊಣ ಬಂತು, ಪೊಲೀಸರೂ ಬಂದರು. 2014ರ ಕೊನೆಗೆ ಅಲ್ಲೂ ನಿಂತಿತು. ದೆಹಲಿಯ ಓಖ್ಲಾದಲ್ಲಿ 2012ರಿಂದ 16 ಮೆಗಾವ್ಯಾಟಿನ ಒಲೆ ಉರಿಯೋಕೆ ಶುರುವಾಯ್ತು. ಚಿಂದಿ ಆಯುವವರು ನಮ್ಮ ಅನ್ನ ಸುಡ್ತಿದ್ದೀರಿ ಅಂತ ಬೀದಿಗೆ ಇಳಿದರು, ಅದು ಹೆಚ್ಚು ಸುದ್ದಿ ಆಗಲಿಲ್ಲ. ಪಕ್ಕದ ಸುಖದೇವ್ ವಿಹಾರ್ ಬಡಾವಣೆಯ ಬಾಲ್ಕನಿಗೆ ಬೂದಿ ಬಿತ್ತು, ಅದು ಕೇಸಾಯ್ತು. ಹಸಿರು ನ್ಯಾಯಪೀಠ 2017ರಲ್ಲಿ 25 ಲಕ್ಷ ದಂಡ ಹಾಕಿತು, ಒಲೆ ಉರಿಯಲಿ ಅಂತಲೂ ಹೇಳಿತು. ಬಾಲ್ಕನಿ ಇದ್ದವರಿಗೇ ಅಷ್ಟೇ ನ್ಯಾಯ ಅಂದರೆ ಬಾಲ್ಕನಿ ಇಲ್ಲದವರ ಪಾಡು?

ಹಾಗಾದರೆ ಏನು ಬೇಕು ನಿನಗೆ ಅಂತ ಕೇಳ್ತೀರಿ. ಕೇಳಿ. ಒಣಕಸದ ಮೇಲೆ ಮೊದಲ ಹಕ್ಕು ಚಿಂದಿ ಆಯುವವರದ್ದು. ಅವರು ಆರಿಸಿ ಬಿಟ್ಟ ಮೇಲೆ ಉಳಿದ ಹರಕು ಚಪ್ಪಲಿ, ಮಣ್ಣು ಮೆತ್ತಿದ ಕವರು, ಡೈಪರು ಸುಡಿ, ಬೇಡ ಅನ್ನಲ್ಲ. ಅಷ್ಟಕ್ಕೆ 600 ಟನ್ನಿನ ಹೊಟ್ಟೆ ತುಂಬಲ್ಲ ಅಂದರೆ ಹೊಟ್ಟೆ ಸಣ್ಣದು ಮಾಡಿ. ಹಸಿಕಸ ಒಲೆಗೆ ಬೇಡವೇ ಬೇಡ, ಗೊಬ್ಬರ ಮಾಡಿ, ಗ್ಯಾಸು ಮಾಡಿ. ಗಾಡಿಯ ಹೆಲ್ಪರೂ ಪೌರಕಾರ್ಮಿಕರೇ ಅಂತ ಬರಕೊಡಿ. ಬೂದಿ ಲಾರಿ ಯಾವ ಊರಿಗೆ ಹೋಗುತ್ತೆ ಅಂತ ಸ್ಥಾವರದ ಗೇಟಿನ ಮೇಲೆ ಕನ್ನಡದಲ್ಲಿ ಬೋರ್ಡು ಹಾಕಿ. ಮತ್ತೆ ಆ ಗಾಜಿನ ಕೋಣೆಯ ಕುರ್ಚಿ ಇದೆಯಲ್ಲ, ಕ್ರೇನು ಆಡಿಸೋ ಕುರ್ಚಿ, ಅದರ ಪಕ್ಕದ ಕಂಟ್ರೋಲ್ ರೂಮಿನ ಕುರ್ಚಿ? ಮೂರು ತಲೆಮಾರು ಕಸ ಮುಟ್ಟಿದವರ ಮಕ್ಕಳನ್ನ ತರಬೇತಿ ಕೊಟ್ಟು ಅಲ್ಲಿ ಕೂರಿಸಿ. ನನ್ನ ಡಿಪ್ಲೊಮಾ ಗೆಳೆಯ ಇದನ್ನ ಕೇಳಿ ಸುಮ್ಮನಾದ. ಆಮೇಲೆ "ಅಪ್ಲಿಕೇಶನ್ ಯಾವಾಗ ಕರೀತಾರೆ?" ಅಂದ. ಕರೆಯಲ್ಲ, ನಾವೇ ಕರೆಸಬೇಕು.

ಹಾಸ್ಟೆಲ್ ಹುಡುಗರಿಗೆ ಈ ವಾರಕ್ಕೆ ಎರಡು ಕೆಲಸ. ಒಂದು, ನಿಮ್ಮ ಮೆಸ್ಸಿನ ಕಸ ಏಳು ದಿನ ತೂಗಿ ಬರೆದಿಡಿ: ಹಸಿ ಎಷ್ಟು, ಒಣ ಎಷ್ಟು, ಯಾರು ಒಯ್ತಾರೆ, ಅವರ ಹೆಸರೇನು. ವರ್ಷಗಟ್ಟಲೆ ಅವರು ಬಂದು ಹೋಗಿದ್ದಾರೆ, ಹೆಸರು ಕೇಳಿದ್ದೀವಾ? ಎರಡು, ನಿಮ್ಮ ಜಿಲ್ಲೆಯ ನಗರಸಭೆಗೆ 2005ರ ಮಾಹಿತಿ ಹಕ್ಕು ಕಾಯಿದೆಯಡಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಬಡತನ ರೇಖೆಗಿಂತ ಕೆಳಗಿನ ಕಾರ್ಡಿದ್ದರೆ ಅದೂ ಇಲ್ಲ. ಕೇಳಬೇಕಾದ್ದು ಇಷ್ಟು: ಕಸ ಸುಡೋ ಸ್ಥಾವರದ ಪ್ರಸ್ತಾಪ ಇದೆಯಾ, ಇದ್ದರೆ ಯಾವ ಸರ್ವೆ ನಂಬರಿನಲ್ಲಿ, ಆ ಜಾಗಕ್ಕೆ ಹತ್ತಿರದ ಕೇರಿ ಎಷ್ಟು ದೂರ, ದಿನಕ್ಕೆ ಎಷ್ಟು ಟನ್ ಕೊಡ್ತೀವಿ ಅಂತ ಬರಕೊಟ್ಟಿದ್ದಾರೆ, ಬೂದಿ ಎಲ್ಲಿಗೆ. ಮೂವತ್ತು ದಿನದಲ್ಲಿ ಉತ್ತರ ಕೊಡಬೇಕು. ಬಂದ ಉತ್ತರವನ್ನ, ಬಾರದಿದ್ದರೆ ಅರ್ಜಿಯ ನಕಲನ್ನ, ಮುಂದಿನ ಸಭೆಗೆ ತನ್ನಿ. ಬುಲೆಟಿನ್ನಿನಲ್ಲಿ ಹಾಗೆ ಹಾಗೇ ಹಾಕ್ತೀವಿ.